ಅಕ್ಕನ ಟ್ರೇಲರಿಗೆ ಎರಡು ಚುಕ್ಕೆ

ಫೆಬ್ರವರಿ 4, ಮಂಗಳವಾರ

ಡಾಕ್ಟರ ಮನೆಯ ಗೇಟು ಮುಗಿಯಿತು. ಎರಡು ಬಾಗಿಲು, ತಲಾ ನಾಲ್ಕೂವರೆ ಅಡಿ. ಪ್ರೈಮರ್ ಒಂದು ಕೋಟ್ ಆಗಿದೆ, ಇನ್ನೊಂದು ನಾಳೆ. ಹಿಡಿದು ಅಲ್ಲಾಡಿಸಿ ನೋಡಿದೆ — ಕಮಕ್ ಕಿಮಕ್ ಅನ್ನಲಿಲ್ಲ. ಹದಿನೆಂಟು ವರ್ಷದಲ್ಲಿ ನನ್ನ ಅಂಗಡಿಯಿಂದ ಹೋದ ಒಂದು ಗೇಟೂ, ಒಂದು ಕಿಟಕಿ ಗ್ರಿಲ್ಲೂ ಗಾಳಿಗೆ ಸದ್ದು ಮಾಡಿದ್ದಿಲ್ಲ. ಜಂಬವಲ್ಲ, ಇದ್ದದ್ದು ಇದ್ದ ಹಾಗೆ. ಸರಿ, ಸ್ವಲ್ಪ ಜಂಬ.

ಮಧ್ಯಾಹ್ನ ಅಕ್ಕ ಬಂದಳು. ಅವಳು ಬರುವ ಕ್ರಮವೇ ಬೇರೆ — ಮೊದಲು ಹಾರ್ನು, ಆಮೇಲೆ ಬೈಕು, ಅದರ ಹಿಂದೆ ಕುಂಡ ತುಂಬಿದ ಟ್ರೇಲರು, ಕೊನೆಗೆ ಧೂಳು. ನರ್ಸರಿಯಿಂದ ಗಿಡ ತುಂಬಿಕೊಂಡು ಮನೆಮನೆಗೆ ಹೋಗಿ ಮಾರುತ್ತಾಳೆ. ಆರು ವರ್ಷ ಆಯಿತು. ವಯಸ್ಸು ನಲವತ್ತೇಳು. ಒಂದು ಸಲವೂ ಬಿದ್ದವಳಲ್ಲ. ಅದನ್ನು ದಿನಕ್ಕೊಂದು ಸಲ ಯಾರಿಗಾದರೂ ಹೇಳದಿದ್ದರೆ ತಿಂದದ್ದು ಅರಗುವುದಿಲ್ಲ.

ಒಂದು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

“ಲೋ ಮೊಳೆ, ಇದನ್ನ ಹಾಕ್ಕೊಡೋ.”

ಮೊಳೆ ಅಂದರೆ ನಾನು. ಚಿಕ್ಕಂದಿನಲ್ಲಿ ಕಡ್ಡಿಯಂತಿದ್ದೆನಂತೆ. ಈಗ ಹೊಟ್ಟೆ ಬಂದಿದೆ, ಹೆಸರು ಹೋಗಿಲ್ಲ.

ಡಬ್ಬಿಯಲ್ಲಿ ಸ್ವಿವೆಲ್ ಹಿಚ್. ಟ್ರೇಲರನ್ನು ಬೈಕಿಗೆ ಸೇರಿಸುವ ಕೊಂಡಿಯೇ, ಆದರೆ ಸುತ್ತಲೂ ತಿರುಗುವಂಥದ್ದು. ಒಂದು ದಪ್ಪ ಪೈಪು, ಅದರೊಳಗೆ ತಿರುಗುವ ಒಂದು ದಂಡ. ದಂಡದ ತುದಿ ಬೈಕಿನ ಕಡೆಗೆ, ಪೈಪು ಟ್ರೇಲರಿನ ಕಡೆಗೆ. ಬೈಕು ವಾಲಿದರೆ ದಂಡ ಒಳಗೇ ತಿರುಗುತ್ತದೆ, ಟ್ರೇಲರ್ ನೆಟ್ಟಗೆ ನಿಂತಿರುತ್ತದೆ.

“ಈಗಿರೋದು ಬರೀ ಪಿನ್ನು. ತಿರುವಲ್ಲಿ ಬೈಕು ಬಾಗಿಸೋಕೆ ಬಿಡಲ್ಲ. ಎತ್ತಿನ ಗಾಡಿ ಥರ ನೆಟ್ಟಗೆ ಕೂತು ಹ್ಯಾಂಡಲ್ ಎಳೀಬೇಕು. ಆರು ವರ್ಷ ಎಳೆದಿದೀನಿ, ಸಾಕು.”

ಟ್ರೇಲರ್ ಮಾರಿದ ಅಂಗಡಿಯವರೇ ಹಾಕಿಕೊಡುತ್ತೇವೆ ಅಂದಿದ್ದರಂತೆ. “ನನ್ನ ತಮ್ಮ ಇರೋವಾಗ ನೀವ್ಯಾಕೆ” ಅಂದು ಬಂದಿದ್ದಾಳೆ. ನಾನು ಗೇಟು ಮಾಡುವವನು, ಗಾಡಿಯವನಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಕಬ್ಬಿಣ ಅಂದಮೇಲೆ ಎಲ್ಲಾ ಒಂದೇ ಅಂದೆ.

ಫೆಬ್ರವರಿ 6, ಗುರುವಾರ

ಹಿಚ್ ಹಾಕಿದ್ದಾಯಿತು. ಇಡೀ ದಿನ ಹಿಡಿಯಿತು.

ಟ್ರೇಲರಿನ ಮುಂದಿನ ಚೌಕ ಪೈಪನ್ನು ಅರ್ಧ ಅಡಿ ಕತ್ತರಿಸಿದೆ. ಹಿಚ್ಚಿನ ಬಾಲ ಅದರೊಳಗೆ. ಎರಡು ತೂತು, ಈ ಕಡೆಯಿಂದ ಆ ಕಡೆಗೆ. ಎರಡು ಬೋಲ್ಟು, ಲಾಕ್ ನಟ್ಟು. ಕೆಳಗೆ ಕತ್ತರಿಯಾಕಾರದಲ್ಲಿ ಎರಡು ಸರಪಳಿ — ಕೊಂಡಿ ಕಳಚಿದರೂ ಟ್ರೇಲರ್ ದಾರಿ ತಪ್ಪದಿರಲಿ ಅಂತ. ಅಷ್ಟರವರೆಗೆ ನನ್ನ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ.

ಜಗಳವಾದದ್ದು ಕೊನೆಯ ನಟ್ಟಿಗೆ. ದಂಡದ ಹಿಂಬದಿಗೆ ಹಲ್ಲಿರುವ ದೊಡ್ಡ ನಟ್ಟೊಂದಿದೆ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಉಸಿರು ಕಟ್ಟಿ ಬಿಗಿದೆ. ಕಲ್ಲಿನ ಹಾಗೆ ನಿಂತಿತು. ಬೆವರು ಒರೆಸಿಕೊಂಡು ನೋಡುತ್ತೇನೆ — ಅಕ್ಕ ಡಬ್ಬಿಯಲ್ಲಿದ್ದ ಹಾಳೆ ಹಿಡಿದು ನಿಂತಿದ್ದಾಳೆ.

“ಏನೋ ಇದು? ಬಿಗಿದ ಮೇಲೆ ಒಂದು ಹಲ್ಲು ಹಿಂದಕ್ಕೆ ಬಿಡಬೇಕಂತೆ. ಕೈಯಲ್ಲೇ ತಿರುಗಬೇಕಂತೆ.”

“ಸಡಿಲ ಆಗುತ್ತೆ ಅಕ್ಕ.”

“ಸಡಿಲ ಆಗ್ಲಿ ಅಂತಾನೇ ತಾನೇ ತಂದಿರೋದು? ತಿರುಗದಿದ್ರೆ ಇದಕ್ಕೂ ಹಳೇ ಪಿನ್ನಿಗೂ ಏನ್ ವ್ಯತ್ಯಾಸ?”

ಪಕ್ಕದ ಅಂಗಡಿಯ ಪಂಕ್ಚರಣ್ಣ ಟ್ಯೂಬು ಉಜ್ಜುತ್ತಾ ನಕ್ಕ. “ಅವನಿಗೆ ಅಲ್ಲಾಡೋದೆಲ್ಲಾ ಆಗಲ್ಲಮ್ಮ. ಅವನ ಕೈಗೆ ಸಿಕ್ರೆ ಗಡಿಯಾರದ ಮುಳ್ಳಿಗೂ ವೆಲ್ಡಿಂಗ್ ಹೊಡೀತಾನೆ.”

ಒಂದು ಹಲ್ಲು ಬಿಟ್ಟೆ. ನಟ್ಟು ಕಳಚದ ಹಾಗೆ ಅದರ ಹಲ್ಲಿಗೆ ಸಣ್ಣ ಪಿನ್ ಸಿಕ್ಕಿಸಿದೆ, ಗ್ರೀಸ್ ತುಂಬಿದೆ. ಈಗ ಒಂದು ಬೆರಳಲ್ಲಿ ತಿರುಗುತ್ತದೆ. ಆದರೆ ಹಿಡಿದು ಅಲ್ಲಾಡಿಸಿದರೆ ಕೂದಲೆಳೆಯಷ್ಟು ಆಟ ಇದೆ. ಕಣ್ಣಿಗೆ ಬಿದ್ದ ಕಸದ ಹಾಗೆ ಕಿರಿಕಿರಿ. ಹಾಳೆಯಲ್ಲಿ ಅಷ್ಟು ಇರಬೇಕು ಅಂತ ಇದೆ. ಇರಲಿ.

ಫೆಬ್ರವರಿ 9, ಭಾನುವಾರ

ಅಮ್ಮನ ಮನೆಯಲ್ಲಿ ಎಲ್ಲರೂ. ಅಕ್ಕನ ಬಾಯಲ್ಲಿ ಹಿಚ್ ಬಿಟ್ಟು ಬೇರೆ ಮಾತಿಲ್ಲ. ತಟ್ಟೆಯನ್ನು ಹ್ಯಾಂಡಲ್ ಮಾಡಿಕೊಂಡು ಎಡಕ್ಕೆ ವಾಲುತ್ತಾಳೆ, ಬಲಕ್ಕೆ ವಾಲುತ್ತಾಳೆ. “ಹಿಂದೆ ಏನೂ ಇಲ್ಲ ಅನ್ನೋ ಹಾಗೆ ಬರುತ್ತೆ ರೀ! ನೀರಿನ ಟ್ಯಾಂಕಿನ ಇಳಿಜಾರಲ್ಲಿ ಹೀಗೆ ಬಗ್ಗಿದ್ರೆ ಹಾಗೇ ಜಾರ್ಕೊಂಡು ಹೋಗುತ್ತೆ.”

“ಈ ವಯಸ್ಸಲ್ಲಿ ರೇಸಿಗೆ ಹೆಸರು ಕೊಡು, ಅದೊಂದು ಬಾಕಿ ಇದೆ” ಅಂದರು ಭಾವ. ಶಾಲೆಯ ಆಫೀಸಿನಲ್ಲಿ ಗುಮಾಸ್ತರು. ಹೆಂಡತಿ ಬೈಕು ಓಡಿಸುವುದು ಅವರಿಗೆ ಇಷ್ಟವಿಲ್ಲ, ಬೇಡ ಅನ್ನುವ ಧೈರ್ಯವೂ ಇಲ್ಲ.

ಅಕ್ಕ ಎಲ್ಲರೆದುರು ನನ್ನ ಬೆನ್ನು ತಟ್ಟಿದಳು. “ನನ್ನ ತಮ್ಮನ ಕೈ ಅಂದ್ರೆ ಕೈ.” ಎರಡು ದಿನ ಅಂಗಡಿಯಲ್ಲಿ ಎದೆ ಉಬ್ಬಿಸಿಕೊಂಡೇ ಓಡಾಡುತ್ತೇನೆ, ಖಂಡಿತ.

ಫೆಬ್ರವರಿ 24, ಸೋಮವಾರ

ಕೈತುಂಬ ಕೆಲಸ. ಶಾಲೆಯ ಹನ್ನೆರಡು ಕಿಟಕಿಗೆ ಗ್ರಿಲ್ಲು, ನಾಳೆ ಕೊಡಬೇಕು. ಅದರ ಮಧ್ಯೆ ಸಂಜೆ ನಾಲ್ಕಕ್ಕೆ ಅಕ್ಕ. ಹಿಚ್ಚಿನಲ್ಲಿ ಟಕ್ ಟಕ್ ಅನ್ನುತ್ತದಂತೆ. ರಸ್ತೆ ಕೆಟ್ಟಿದ್ದಲ್ಲೆಲ್ಲಾ.

ಪಂಕ್ಚರಣ್ಣನಿಗೆ ಅಷ್ಟು ಸಾಕು. “ಹದಿನೆಂಟು ವರ್ಷ ಬಾಯಿ ಮುಚ್ಕೊಂಡಿದ್ದ ನಿನ್ನ ಕೆಲಸ ಮಾತಾಡೋಕೆ ಶುರು ಮಾಡ್ತಲ್ಲಯ್ಯ!” ಗ್ರಿಲ್ಲು ಎಷ್ಟಾಯಿತೆಂದು ನೋಡಲು ಬಂದಿದ್ದ ಮೇಸ್ತ್ರಿಯೂ ನಕ್ಕ. ಸುಡುಸುಡು ಅನ್ನಿಸಿತು.

ಸರಿಯಾಗಿ ಮಾಡಬೇಕೆಂದರೆ ನಟ್ಟು ಬಿಚ್ಚಿ, ತೆಳು ವಾಷರ್ ಕೊಟ್ಟು, ಗ್ರೀಸ್ ತುಂಬಬೇಕು. ಅಳತೆಗೆ ವಾಷರ್ ಇರಲಿಲ್ಲ, ಮಾಡಲು ಹೊತ್ತಿರಲಿಲ್ಲ. ಅಕ್ಕ ಟೀ ಕುಡಿಯಲು ಆಚೆ ಹೋದಳು. ವೆಲ್ಡಿಂಗ್ ಹೋಲ್ಡರ್ ಕೈಯಲ್ಲೇ ಇತ್ತು. ಪೈಪು ಮತ್ತು ದಂಡ ಸೇರುವಲ್ಲಿ, ಕೆಳಬದಿಗೆ, ಎರಡು ಚುಕ್ಕೆ ವೆಲ್ಡಿಂಗ್ ಇಟ್ಟೆ. ಅರ್ಧ ನಿಮಿಷ. ಅಲ್ಲಾಡಿಸಿದೆ — ಸದ್ದಿಲ್ಲ. ತಿರುಗುವುದೂ ಇಲ್ಲ. ಆರು ವರ್ಷ ತಿರುಗದ ಪಿನ್ನಿನಲ್ಲೇ ಓಡಿಸಲಿಲ್ಲವೇ? ಭಾನುವಾರ ಬಿಚ್ಚಿ ವಾಷರ್ ಹಾಕಿದರಾಯಿತು.

ಅಕ್ಕ ಬಂದು ಟ್ರೇಲರ್ ಕುಲುಕಿ ನೋಡಿದಳು. “ಅರೆ, ನಿಂತೇ ಹೋಯ್ತಲ್ಲ! ಏನ್ ಮಾಡಿದ್ಯೋ?”

ವಾಷರ್ ಹಾಕಿದೆ ಅಂದೆ. ಯಾಕೆ ಹಾಗಂದೆನೋ. ಮೇಸ್ತ್ರಿ ಇನ್ನೂ ಅಲ್ಲೇ ಇದ್ದ.

ಖಾಲಿ ಟ್ರೇಲರ್ ಎಳೆದುಕೊಂಡು ಹೋದಳು. ಸಂಜೆಯ ಜನಜಂಗುಳಿ, ನಿಧಾನ ಹೋಗುತ್ತಾಳೆ.

ಫೆಬ್ರವರಿ 25, ಮಂಗಳವಾರ

ಅಕ್ಕ ಬಿದ್ದಳು.

ನೀರಿನ ಟ್ಯಾಂಕಿನ ಇಳಿಜಾರು, ಎಡ ತಿರುವು. ಬೆಳಿಗ್ಗೆ ಎಂಟೂವರೆ. ಬೈಕು ತಿರುಗದೆ ನೇರ ಹೋಗಿ ಮೋರಿಯ ಕಲ್ಲಿಗೆ ಹೊಡೆದಿದೆ. ಎಡ ಮಣಿಕಟ್ಟು ಮುರಿದಿದೆ, ಎಡಗಡೆಯ ಕೊರಳ ಮೂಳೆಯೂ. ಹೆಲ್ಮೆಟ್ ಇತ್ತು. ಆದರೂ ಪ್ರಜ್ಞೆ ತಪ್ಪಿತ್ತು. ಹನ್ನೊಂದೂವರೆಗೆ ಕಣ್ಣು ಬಿಟ್ಟಳಂತೆ.

ನಾನು ಹೋಗುವಷ್ಟರಲ್ಲಿ ಹನ್ನೆರಡು. ಅಂಗಡಿಯಲ್ಲಿ ಕೆಲಸ ಇತ್ತು.

ಮಾರ್ಚ್ 1, ಶನಿವಾರ

ಅಕ್ಕ ಮನೆಗೆ ಬಂದಳು. ದಿಂಬಿಗೆ ಒರಗಿ ಕೂತಿದ್ದಾಳೆ, ಎಡಗೈ ಪ್ಲಾಸ್ಟರಿನಲ್ಲಿ. ನೋಡಲು ಬಂದವರಿಗೆಲ್ಲಾ ಒಂದೇ ಮಾತು. ನನಗೂ ಹೇಳಿದಳು.

“ನಾನು ಬಗ್ಗಿದೆ ಅಂತ ಅಂದ್ಕೊಂಡೆ ಕಣೋ. ಬಗ್ಗೇ ಇರಲಿಲ್ಲ. ಬೈಕು ಬಾಗಲೇ ಇಲ್ಲ. ಮೈ ಹೆದರಿಬಿಡ್ತು ಅನ್ಸುತ್ತೆ. ಮನಸ್ಸು ಬಾಗು ಅಂತಿದೆ, ಮೈ ಒಲ್ಲೆ ಅಂತಿದೆ… ವಯಸ್ಸಾಯ್ತು.”

ಪಕ್ಕದ ಮನೆಯಾಕೆ, ಹಿಚ್ಚು ಹೊಸದಂತಲ್ಲ, ಅದೇ ಕೆಟ್ಟಿತ್ತೋ ಏನೋ ಅಂದರು. ಅಕ್ಕ ಸಿಡುಕಿದಳು. “ಹಿಚ್ಚಿಗೆ ಏನೂ ಆಗಿಲ್ಲ. ನನ್ನ ತಮ್ಮ ಹಾಕಿದ್ದು. ತಪ್ಪು ನಂದೇ.”

ಅಲ್ಲಿ ಕೂರಲಾಗಲಿಲ್ಲ. ನೀರು ಕುಡಿಯುವ ನೆಪ ಮಾಡಿ ಎದ್ದೆ. ಅಡುಗೆಮನೆಯಲ್ಲಿ ಅಮ್ಮ. “ಮುಖ ಯಾಕೋ ಹಾಗಿದೆ? ಬದುಕಿ ಬಂದಿದಾಳಲ್ಲ, ಸಾಕು ಬಿಡು” ಅಂದಳು.

ಮಾರ್ಚ್ 4, ಮಂಗಳವಾರ

25ನೇ ತಾರೀಖಿನ ಪುಟ ತೆಗೆದು ಓದಿದೆ. ‘ಅಂಗಡಿಯಲ್ಲಿ ಕೆಲಸ ಇತ್ತು.’ ಯಾರೂ ಓದದ ಪುಸ್ತಕದಲ್ಲೂ ಮರೆಮಾಚಿದ್ದೇನೆ. ನನ್ನ ಯೋಗ್ಯತೆಗಿಷ್ಟು.

ಬರೆಯುತ್ತೇನೆ. ಭಾವನ ಫೋನ್ ಬಂದದ್ದು ಒಂಬತ್ತೂಕಾಲಿಗೆ. “ಬೇಗ ಬಾ, ಪ್ರಜ್ಞೆ ಇಲ್ಲ” ಅಂದರು. ಬಂದೆ ಅಂದೆ. ಶಟರ್ ಎಳೆಯುತ್ತಿದ್ದೆ, ಅಷ್ಟರಲ್ಲಿ ಪಂಕ್ಚರಣ್ಣ ಯಾರದೋ ಟೆಂಪೋದಲ್ಲಿ ಬೈಕನ್ನೂ ಟ್ರೇಲರನ್ನೂ ತಂದು ನನ್ನ ಅಂಗಡಿ ಮುಂದೆ ಇಳಿಸಿದ. “ನಾನು ಆಸ್ಪತ್ರೆಗೆ ಹೋಗ್ತೀನಿ, ನೀನು ಹಿಂದೇನೇ ಬಾ” ಅಂದು ಅದೇ ಟೆಂಪೋ ಹತ್ತಿದ.

ಬಗ್ಗಿ ನೋಡಿದೆ. ಎರಡು ಚುಕ್ಕೆಯೂ ಹಾಗೇ ಇದ್ದವು. ಬೈಕಿನ ಕನ್ನಡಿ ಪುಡಿ, ಕ್ಲಚ್ ಸೊಟ್ಟ, ಫುಟ್‌ರೆಸ್ಟ್ ಮುರಿದು ನೇತಾಡುತ್ತಿದೆ. ನನ್ನ ಚುಕ್ಕೆ ಮಾತ್ರ ಬಿರುಕು ಕೂಡ ಬಿಟ್ಟಿಲ್ಲ. ಹಾಳಾದ ಕೈ, ಅಷ್ಟು ಗಟ್ಟಿ ಕೆಲಸ.

ಆಗ ಅರ್ಥವಾಯಿತು. ಹಳೆಯ ಪಿನ್ನಿನಲ್ಲಿ ಆರು ವರ್ಷ ಬೀಳದವಳು ಈಗ ಯಾಕೆ ಬಿದ್ದಳು? ಆಗ ಬಾಗುತ್ತಿರಲಿಲ್ಲ, ಬಾಗಬಾರದು ಅಂತ ಗೊತ್ತಿತ್ತು. ಎರಡೂವರೆ ವಾರದಲ್ಲಿ ಹೊಸ ಹಿಚ್ ಅವಳಿಗೆ ಬಾಗುವುದನ್ನು ಕಲಿಸಿತು. ಕಲಿತದ್ದನ್ನು ನಂಬಿ ಇಳಿಜಾರಿನಲ್ಲಿ ಬಾಗಲು ಹೋದಳು. ಕುಂಡ ತುಂಬಿದ ಟ್ರೇಲರ್ ಬಿಡಲಿಲ್ಲ. ನಾನು ಬಿಡಲಿಲ್ಲ.

ಗ್ರೈಂಡರ್ ತೆಗೆದುಕೊಂಡೆ. ಎರಡೂ ಚುಕ್ಕೆ ಉಜ್ಜಿ ತೆಗೆದೆ. ನಟ್ಟು ಬಿಚ್ಚಿ ಗ್ರೀಸ್ ತುಂಬಿದೆ. ಉಜ್ಜಿದ ಜಾಗ ಬೆಳ್ಳಗೆ ಹೊಳೆಯುತ್ತಿತ್ತು, ಕಪ್ಪು ಬಣ್ಣ ಹೊಡೆದೆ. ಆಮೇಲೆ ಆಸ್ಪತ್ರೆಗೆ ಹೋದೆ.

ಇದನ್ನು ಬರೆದರೆ ಹಗುರವಾಗುತ್ತದೆ ಅಂದುಕೊಂಡಿದ್ದೆ.

ಮಾರ್ಚ್ 9, ಭಾನುವಾರ

ಬೈಕು ಮಾರುತ್ತಾರಂತೆ. ಟ್ರೇಲರ್ ಸಮೇತ. ಮುಂದಿನ ಭಾನುವಾರ ನೋಡಲು ಜನ ಬರುತ್ತಾರೆ.

ಭಾವ ಹೇಳಿದ್ದರೆ ಅಕ್ಕ ಯುದ್ಧ ಮಾಡುತ್ತಿದ್ದಳು. ಹೇಳಿದ್ದು ಅಕ್ಕನೇ. “ನಂಬಿಕೆ ಹೋಯ್ತು ಕಣೋ. ನನ್ನ ಮೈಮೇಲೆ ನನಗೇ.” ಭಾವನ ಶಾಲೆಯಲ್ಲಿ ಸಮವಸ್ತ್ರಕ್ಕೆ ಗುಂಡಿ ಹೊಲಿಯುವ ಕೆಲಸ ಇದೆಯಂತೆ, ಮನೆಯಲ್ಲೇ ಕೂತು ಮಾಡಬಹುದಂತೆ. ಅಕ್ಕ ಗುಂಡಿ ಹೊಲಿಯುವುದಂತೆ! ಹರಿದ ನನ್ನ ಅಂಗಿಗೆ ಚಿಕ್ಕಂದಿನಲ್ಲಿ ತಂತಿ ಸುತ್ತಿಕೊಟ್ಟವಳು.

ಇನ್ನೊಂದು ಮಾತು ಅಂದಳು, ಅದು ಎದೆಯಲ್ಲಿ ನೆಟ್ಟಿದೆ. “ನಿನ್ನ ಕೆಲಸ ಹಾಳು ಮಾಡಿಬಿಟ್ಟೆ. ಅಷ್ಟು ಕಷ್ಟಪಟ್ಟು ಹಾಕಿದ್ದೆ ಪಾಪ. ಬೇಜಾರ್ ಮಾಡ್ಕೋಬೇಡ.”

ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಾಳೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆಯೇ ಬಂದು, ತಿಂದದ್ದು ನಾನೇ, ತಪ್ಪಾಯಿತು ಅನ್ನುತ್ತಿದೆ. ಕೋತಿ ತಲೆ ಆಡಿಸಿಕೊಂಡು ಕಾಫಿ ಕುಡಿದು ಬಂತು.

ಮಾರ್ಚ್ 11, ಮಂಗಳವಾರ

ಬೈಕಿಗೆ ಹೊಸ ಕನ್ನಡಿ, ಕ್ಲಚ್ ಹಾಕಿಸಿದೆ. ನನ್ನ ಖರ್ಚಿನಲ್ಲೇ. ಭಾವ, ಎಷ್ಟು ಒಳ್ಳೆಯವನಪ್ಪಾ ನೀನು ಅಂದರು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಪಂಕ್ಚರಣ್ಣ ಸಂಜೆ ಟ್ರೇಲರ್ ಚಕ್ರಕ್ಕೆ ಗಾಳಿ ತುಂಬುತ್ತಾ ಹಿಚ್ಚನ್ನು ತಿರುಗಿಸಿ ನೋಡಿದ. “ಬಣ್ಣ ಹೊಸದಿದ್ದ ಹಾಗಿದೆ?”

“ತುಕ್ಕು ಬಂದಿತ್ತು, ಅದಕ್ಕೆ!” ನನಗೇ ಕೇಳಿಸಿತು, ಎಷ್ಟು ಜೋರಾಗಿ ಅಂದೆನೆಂದು.

ಅವನು ಸುಮ್ಮನೆ ಕೇಳಿದ್ದ ಅಷ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನನ್ನನ್ನೊಮ್ಮೆ ನೋಡಿ ಪಂಪ್ ಒತ್ತಲು ಶುರು ಮಾಡಿದ. ಎಂದಿನ ತಮಾಷೆ ಮಾಡಲಿಲ್ಲ.

ಮಾರ್ಚ್ 12, ಬುಧವಾರ

ಹೆಂಡತಿಗೆ ಹೇಳಿದೆ. ಎಲ್ಲಾ ಅಲ್ಲ — ಚುಕ್ಕೆ ಇಟ್ಟದ್ದು, ಉಜ್ಜಿ ತೆಗೆದದ್ದು. ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು.

“ಇದನ್ನ ನನಗ್ಯಾಕೆ ಹೇಳ್ತಿದೀರ?”

“ಮತ್ಯಾರಿಗೆ ಹೇಳ್ಲಿ?”

“ಬಿದ್ದಿದ್ದು ನಾನಾ?”

ಮತ್ತೆ ಬಟ್ಟೆ ಮಡಚಿದಳು. ನನ್ನ ಅಂಗಿಗಳನ್ನು ಬಿಟ್ಟು.

ಮಾರ್ಚ್ 14, ಶುಕ್ರವಾರ, ಸಂಜೆ

ಹೇಳಿದೆ. ಅಂತೂ ಹೇಳಿದೆ.

ಅಕ್ಕ, ಭಾವ, ಅಮ್ಮ ಮೂವರೂ ಇದ್ದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆಲ್ಲಾ ಮರೆತುಹೋಯಿತು. ನಿಂತುಕೊಂಡೇ ಒದರಿದೆ. ನೀನು ಬೀಳೋ ಹಿಂದಿನ ದಿನ ಹಿಚ್ಚಿಗೆ ಎರಡು ಚುಕ್ಕೆ ವೆಲ್ಡಿಂಗ್ ಹಾಕಿದ್ದೆ, ಅದು ತಿರುಗ್ತಿರಲಿಲ್ಲ, ಅದಕ್ಕೇ ಬೈಕು ಬಾಗಲಿಲ್ಲ, ತಪ್ಪು ನಂದು, ನಿಂದಲ್ಲ.

ಭಾವ ಎದ್ದು ಅಂಗಳಕ್ಕೆ ಹೋದರು. ರಿಪೇರಿಯಾದ ಬೈಕು, ಟ್ರೇಲರು ನಿನ್ನೆಯೇ ಅಲ್ಲಿಗೆ ಬಂದಿವೆ. ಬಗ್ಗಿ ಹಿಚ್ ತಿರುಗಿಸಿದರು. ಬೆಣ್ಣೆಯ ಹಾಗೆ ತಿರುಗಿತು.

“ಚೆನ್ನಾಗೇ ಇದೆಯಲ್ಲಯ್ಯ. ಎಲ್ಲಿದೆ ವೆಲ್ಡಿಂಗು?”

“ಉಜ್ಜಿ ತೆಗೆದುಬಿಟ್ಟೆ ಭಾವ.”

ಭಾವ ಅಕ್ಕನ ಮುಖ ನೋಡಿದರು. ಅಕ್ಕನ ಕಣ್ಣಲ್ಲಿ ನೀರು. ಆದರೆ ನಗುತ್ತಿದ್ದಳು. ಬಾ ಇಲ್ಲಿ ಅಂತ ಕರೆದು, ಸರಿ ಇರುವ ಕೈಯಿಂದ ನನ್ನ ತಲೆ ಸವರಿದಳು.

“ಸುಳ್ಳು ಹೇಳೋಕೂ ಬರಲ್ಲ ನಿನಗೆ. ನಾನು ಬೈಕು ಮಾರ್ಬಾರದು ಅಂತ ತಾನೇ ಇದೆಲ್ಲ? ನೋಡಮ್ಮ ಇವನ್ನ. ನನ್ನ ಬದಲು ಏಟು ತಿನ್ನೋಕೆ ಹೊರಟಿದಾನೆ.”

“ಸುಳ್ಳಲ್ಲ ಅಕ್ಕ!”

“ಆಯ್ತು ಬಿಡು. ಸಾಕು.”

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇಂಥ ತಮ್ಮ ಯಾರಿಗೆ ಸಿಗ್ತಾನೆ ಅಂದಳು. ಭಾವ ನನ್ನ ಭುಜ ತಟ್ಟಿದರು.

ಈಗ ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಬೇಕು. ಆ ಕ್ಷಣ ನನಗೆ ಸಮಾಧಾನವಾಯಿತು. ಹೇಳಿದ್ದೂ ಆಯಿತು, ಬೈಸಿಕೊಳ್ಳದೆ ಉಳಿದದ್ದೂ ಆಯಿತು. ದೇವರೇ ದಾರಿ ತೋರಿಸಿದ ಅಂದುಕೊಂಡು ಗೇಟಿನವರೆಗೆ ಬಂದೆ. ಥೂ.

ಗೇಟು ನಾನೇ ಮಾಡಿದ್ದು. ಚಿಲಕ ಹಾಕುತ್ತಾ ತಿರುಗಿ ನೋಡಿದರೆ, ಅಕ್ಕ ಕಿಟಕಿಯಲ್ಲಿ ಕೂತು ಬೈಕಿನ ಕಡೆ ನೋಡುತ್ತಿದ್ದಳು. ಸತ್ತವರನ್ನು ನೋಡುವ ಹಾಗೆ. ನಾನು ಪುಣ್ಯಾತ್ಮ ತಮ್ಮ ಆಗಿ ಉಳಿಯಬೇಕಾದರೆ ಅವಳು ಕೈಲಾಗದವಳಾಗಿ ಉಳಿಯಬೇಕು. ಬೇರೆ ಲೆಕ್ಕವೇ ಇಲ್ಲ.

ಸಾಕ್ಷಿ ನಾನೇ ಉಜ್ಜಿ ತೆಗೆದದ್ದು. ನಾನೇ ಮತ್ತೆ ಮಾಡಬೇಕು.

ಮಾರ್ಚ್ 15, ಶನಿವಾರ

ಬೆಳಿಗ್ಗೆ ಏಳಕ್ಕೇ ವೆಲ್ಡಿಂಗ್ ಮಷಿನ್ನನ್ನೂ ಗ್ರೈಂಡರನ್ನೂ ಆಟೋದಲ್ಲಿ ಹಾಕಿಕೊಂಡು ಅಕ್ಕನ ಮನೆಗೆ ಹೋದೆ. ಭಾವ ಹಲ್ಲುಜ್ಜುತ್ತಾ ಹೊರಗೆ ಬಂದವರು ಹಾಗೇ ನಿಂತರು. ಅಕ್ಕನನ್ನು ಅಂಗಳಕ್ಕೆ ಕರೆದೆ. ಬರುವುದಿಲ್ಲ ಅಂದಳು. ಕೈ ಮುಗಿದೆ. ಬಂದಳು.

ಅವಳ ಕಣ್ಣೆದುರೇ ಬಣ್ಣ ಕೆರೆದೆ. ಉಜ್ಜಿದ ಗುರುತು ಎರಡು, ಉಗುರಿನಷ್ಟು ಅಗಲ, ಮೇಲೆದ್ದವು. ಅದೇ ಜಾಗಕ್ಕೆ ಮತ್ತೆ ಎರಡು ಚುಕ್ಕೆ ಇಟ್ಟೆ. ಟ್ರೇಲರಿಗೆ ಮನೆಯಲ್ಲಿದ್ದ ಕುಂಡವೆಲ್ಲಾ ತುಂಬಿದೆ. ಬೈಕಿಗೆ ಸೇರಿಸಿದೆ.

“ಹತ್ತಿ ಕೂತ್ಕೋ. ಎಂಜಿನ್ ಬೇಡ. ನಾನು ಮುಂದೆ ಹಿಡ್ಕೊಂಡಿರ್ತೀನಿ.”

“ಹುಚ್ಚು ಹಿಡಿದಿದೆಯೇನೋ ನಿನಗೆ?” ಅಂದರು ಭಾವ.

ಅಕ್ಕ ಕೂತಳು. ಹದಿನೆಂಟು ದಿನದ ಮೇಲೆ. ಬಲಗೈ ಹ್ಯಾಂಡಲಿಗೆ ತಾನಾಗಿಯೇ ಹೋಯಿತು.

“ಎಡಕ್ಕೆ ಬಾಗು. ಟ್ಯಾಂಕಿನ ತಿರುವಲ್ಲಿ ಬಾಗ್ತಿದ್ಯಲ್ಲ, ಹಾಗೆ.”

ಬಾಗಿದಳು. ಬೈಕು ಬಾಗಲಿಲ್ಲ. ಗೋಡೆಗೆ ಒರಗಿದ ಹಾಗೆ ಮೈ ಮಾತ್ರ ವಾಲಿತು. ಇನ್ನೂ ಜೋರು ಹಾಕಿದಳು. ಹಿಂದೆ ಟ್ರೇಲರಿನ ಬಲ ಚಕ್ರ ನೆಲ ಬಿಡುವಂತಾಗಿ ಮತ್ತೆ ದಪ್ಪನೆ ಕೂತಿತು. ಬೈಕು ಅವಳನ್ನು ವಾಪಸ್ ನೆಟ್ಟಗೆ ತಳ್ಳಿತು.

ಅಕ್ಕನ ಮುಖ ಬಿಳುಚಿತು.

“ಇದೇ.” ಮತ್ತೆ ಬಾಗಿದಳು. ಮತ್ತೆ ತಳ್ಳಿತು. “ಇದೇ ಕಣೋ! ಹೀಗೇ ಆಗಿದ್ದು ಆವತ್ತು. ಯಾರೋ ಹಿಂದಿನಿಂದ ಹಿಡ್ಕೊಂಡ ಹಾಗೆ…”

ಗ್ರೈಂಡರ್ ಹಾಕಿ ಎರಡೂ ಚುಕ್ಕೆ ತೆಗೆದೆ. ಕಿಡಿ ಹಾರುವಾಗಲೂ ಇಳಿಯಲಿಲ್ಲ, ಸೀಟಿನ ಮೇಲೇ ಕೂತಿದ್ದಳು. ಈಗ ಬಾಗು ಅಂದೆ. ಬಾಗಿದಳು — ಬೈಕು ಅವಳ ಜೊತೆಯಲ್ಲೇ ಮಲಗಿತು, ನಾನು ಹಿಡಿದುಕೊಳ್ಳದಿದ್ದರೆ ಬೀಳುತ್ತಿತ್ತು. ಟ್ರೇಲರ್ ಮಿಸುಕಲಿಲ್ಲ.

“ರೀ! ನನ್ನ ಮೈ ಅಲ್ಲ ರೀ! ನಾನು ಬಗ್ಗಿದ್ದೆ! ಸರಿಯಾಗೇ ಬಗ್ಗಿದ್ದೆ!”

ನಗುತ್ತಿದ್ದಳು, ಅಳುತ್ತಿದ್ದಳು. ಪ್ಲಾಸ್ಟರಿನ ಕೈಯಲ್ಲೇ ಟ್ಯಾಂಕ್ ಮೇಲೆ ಕುಟ್ಟಿದಳು. ಭಾವ ಬಾಯಲ್ಲಿದ್ದ ಬ್ರಶ್ ತೆಗೆದು, ಹೌದು ಕಣೇ, ಹೌದು ಅಂದರು. “ನಾಳೆ ಬರೋರಿಗೆ ಬೇಡ ಅಂತ ಫೋನ್ ಮಾಡಿ. ಈಗ್ಲೇ ಮಾಡಿ” ಅಂದಳು ಅಕ್ಕ. ಭಾವ ಒಳಗೆ ಹೋದರು, ಓಡಿದರು ಅನ್ನಬೇಕು. ಇಷ್ಟು ದಿನ ಕಾಣದ ಅಕ್ಕ ಅಲ್ಲಿ ಕೂತಿದ್ದಳು. ನನಗೂ ಕಣ್ಣು ಮಂಜಾಯಿತು. ಬೈ ಅಕ್ಕ, ಈಗ ಬೈ, ಕಪಾಳಕ್ಕೆ ಹೊಡಿ ಅಂದುಕೊಂಡು ನಿಂತೆ.

ಬೈಯಲಿಲ್ಲ. ಇಳಿದು ಹಿಂದಕ್ಕೆ ಬಂದು, ಉಜ್ಜಿದ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

“ಸದ್ದು ನಿಲ್ಲಿಸೋಕೆ ಹಾಕಿದ್ದೆ ಅಲ್ವಾ?”

“ಹೂಂ.”

“ಕೆಲಸದ ಅವಸರ. ಆಗುತ್ತೆ.” ನಿಜವಾಗಿಯೂ ಹಾಗೆಯೇ ಅಂದಳು. ಆಮೇಲೆ ಸ್ವಲ್ಪ ಹೊತ್ತು ಬೆರಳು ಅಲ್ಲೇ ಇಟ್ಟುಕೊಂಡಿದ್ದಳು. “ತೆಗೆದಿದ್ದು ಯಾವತ್ತು?”

“ನೀನು ಬಿದ್ದ ದಿನ.”

“ಆಸ್ಪತ್ರೆಗೆ ಬಂದು ಹೋದ್ಮೇಲಾ?”

ಗ್ರೈಂಡರಿನ ವೈರು ಸುತ್ತತೊಡಗಿದೆ.

“ಬರೋಕೆ ಮುಂಚೆನಾ?”

“ಮುಂಚೆ.”

“ನಾನು ಬದುಕಿದೀನೋ ಇಲ್ವೋ ಅಂತ ಗೊತ್ತಾಗೋಕೆ ಮುಂಚೆ.”

ಅದು ಪ್ರಶ್ನೆಯಾಗಿರಲಿಲ್ಲ. ಆದರೂ ಹೂಂ ಅಂದೆ.

“ಇವರು ನಿನಗೆ ಒಂಬತ್ತೂಕಾಲಿಗೆ ಫೋನ್ ಮಾಡಿದ್ರಂತೆ. ಉಜ್ಜೋಕೆ ಎಷ್ಟು ಹೊತ್ತು? ಈಗ ಐದು ನಿಮಿಷಾನೂ ಆಗ್ಲಿಲ್ಲ.”

“ಬಣ್ಣ ಹೊಡೆದೆ. ಒಣಗಬೇಕಿತ್ತು.”

“ಎಷ್ಟು ಹೊತ್ತು ಬೇಕು ಒಣಗೋಕೆ?”

“ಒಂದೂವರೆ ಗಂಟೆ… ಒಣಗದೆ ಬಿಟ್ಟು ಹೋದ್ರೆ ಯಾರಾದ್ರೂ ಮುಟ್ಟಿ ನೋಡ್ತಾರೆ ಅಂತ.”

“ಕಾದ್ಯಾ?”

“ಕಾದೆ.”

ಒಳಗೆ ಭಾವ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದರು — ಇಲ್ಲ ಇಲ್ಲ, ಕೊಡೋದಿಲ್ಲ, ನಮ್ಮ ಮನೆಯವರೇ ಓಡಿಸ್ತಾರೆ. ಅಕ್ಕನಿಗೆ ಅದು ಕೇಳಿಸಿತೋ ಇಲ್ಲವೋ.

“ಅಷ್ಟು ಹೊತ್ತು ಏನ್ ಮಾಡ್ತಾ ಕೂತಿದ್ದೆ?”

ಗೊತ್ತಿಲ್ಲ ಅನ್ನಬಹುದಿತ್ತು. ಅಳುತ್ತಾ ಕೂತಿದ್ದೆ ಅನ್ನಬಹುದಿತ್ತು, ನಂಬುತ್ತಿದ್ದಳು. ಇನ್ನೊಂದು ಸುಳ್ಳು ಬೇಡವೆಂದು ಇದ್ದದ್ದನ್ನೇ ಹೇಳಿದೆ.

“ಟೀ ತರಿಸ್ಕೊಂಡೆ. ಕುಡಿದೆ.”

ಅಕ್ಕ ಹಿಚ್ಚಿನ ಮೇಲಿದ್ದ ಬೆರಳು ತೆಗೆದಳು. ನನ್ನನ್ನು ನೋಡಿದಳು. ಆಮೇಲೆ “ಮಷಿನ್ ತಗೊಂಡು ಹೋಗು” ಅಂದು, ತಿರುಗಿ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.